ಒಳಗಿನ ಗಾಳಿಯ ಲೆಕ್ಕ



ಮನೆ ನೋಡಲು ಹೋದವರು ಮೊದಲು ವಿಚಾರಿಸುವುದು ಗಾಳಿ ಬೆಳಕು ಹೇಗಿದೆ ಎಂದು. ಬೆಳಕು ಕಣ್ಣಿಗೆ ಕಾಣುವ ವಸ್ತು. ಸಾಲದಿದ್ದರೆ ತಕ್ಷಣ ಗೊತ್ತಾಗುತ್ತದೆ, ದೀಪ ಹಾಕಿಕೊಳ್ಳಬಹುದು. ಗಾಳಿಯ ವಿಷಯದಲ್ಲಿ ಹಾಗಾಗುವುದಿಲ್ಲ. ಫ್ಯಾನ್ ತಿರುಗುತ್ತಿದ್ದರೆ ಗಾಳಿ ಇದೆ ಎನ್ನಿಸುತ್ತದೆ, ಏಸಿ ಹಾಕಿದ್ದರೆ ಗಾಳಿ ಚೆನ್ನಾಗಿದೆ ಎನ್ನಿಸುತ್ತದೆ. ವಾಸ್ತವದಲ್ಲಿ ಇಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ: ಗಾಳಿ ತಣ್ಣಗಾಗುವುದು, ಗಾಳಿ ಬೀಸುವುದು, ಗಾಳಿ ಬದಲಾಗುವುದು. ಏಸಿ ಮಾಡುವುದು ಮೊದಲನೆಯ ಕೆಲಸ, ಫ್ಯಾನ್ ಮಾಡುವುದು ಎರಡನೆಯದು. ಒಳಗಿನವರು ಉಸಿರಾಡಿ ಬಿಟ್ಟ ಗಾಳಿ ಹೊರಹೋಗಿ ಅದರ ಜಾಗಕ್ಕೆ ಹೊಸ ಗಾಳಿ ಬರುವ ಮೂರನೆಯ ಕೆಲಸಕ್ಕೆ ವಾತಾಯನ ಎಂದು ಹೆಸರು. ಮುಚ್ಚಿದ ಕೋಣೆಯಲ್ಲಿ ಫ್ಯಾನೂ ಏಸಿಯೂ ಒಟ್ಟಿಗೆ ಓಡುತ್ತಿದ್ದರೂ ಈ ಮೂರನೆಯ ಕೆಲಸ ಕಾಲುಭಾಗವೂ ಆಗಿರುವುದಿಲ್ಲ. ಕಟ್ಟಡಗಳ ವಿದ್ಯುತ್ ಖರ್ಚು ಮತ್ತು ಒಳಗಿನ ಗಾಳಿಯ ಶುದ್ಧಿ ಇವೆರಡೂ ಪರಸ್ಪರ ವಿರೋಧಿಗಳೆಂಬ ನಂಬಿಕೆ ಬೆಳೆದದ್ದು ಬಹುಮಟ್ಟಿಗೆ ಈ ಮೂರನ್ನು ಒಂದೇ ಎಂದು ಎಣಿಸಿದ್ದರಿಂದ.

ಈ ಉಪನ್ಯಾಸದ ವ್ಯಾಪ್ತಿ ಇಷ್ಟು. ಒಬ್ಬ ಮನುಷ್ಯನಿಗೆ ಎಷ್ಟು ಹೊಸ ಗಾಳಿ ಬೇಕೆಂಬ ಪ್ರಶ್ನೆಗೆ ಒಂದೂವರೆ ಶತಮಾನದಲ್ಲಿ ಸಿಕ್ಕ ಉತ್ತರಗಳು ಮೊದಲು. ಆ ಗಾಳಿ ಸಿಗದಿದ್ದರೆ ಏನಾಗುತ್ತದೆ ಎಂಬುದು ಅನಂತರ. ಅದನ್ನು ಕಡಿಮೆ ವಿದ್ಯುತ್ತಿನಲ್ಲಿ ಒದಗಿಸುವ ಬಗೆಗಳು ಮೂರನೆಯ ಭಾಗ. ಕೊನೆಯಲ್ಲಿ ಸೆಖೆಯ ನಾಡಾದ ಭಾರತದಲ್ಲಿ ನಡೆದ ಸಂಶೋಧನೆ ಮತ್ತು ಹೊಗೆ, ದೂಳುಗಳ ಪ್ರಶ್ನೆ.

ಮೊದಲನೆಯದಕ್ಕೆ ಬರೋಣ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲಾವಾಸಿಯೆ ಉಸಿರಾಟದ ರಸಾಯನವನ್ನು ಬಿಡಿಸಿದ ಮೇಲೆ, ಜನ ತುಂಬಿದ ಕೋಣೆಯಲ್ಲಿ ಉಸಿರು ಕಟ್ಟಿದಂತಾಗುವುದಕ್ಕೆ ಇಂಗಾಲದ ಡೈಆಕ್ಸೈಡೇ ಕಾರಣವೆಂಬ ಎಣಿಕೆ ಹರಡಿತು. ಮ್ಯೂನಿಕ್ ನಗರದ ರಸಾಯನಶಾಸ್ತ್ರಜ್ಞ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಇದನ್ನು ತಿದ್ದಿದವರು. ವಾಸದ ಮನೆಗಳ ಗಾಳಿ ಬದಲಾವಣೆಯನ್ನು ಕುರಿತು 1858ರಲ್ಲಿ ಅವರು ಪ್ರಕಟಿಸಿದ ಕೃತಿಯ ವಾದ ಹೀಗಿದೆ: ಸಾಮಾನ್ಯ ಕೋಣೆಗಳಲ್ಲಿ ಸಿಗುವ ಪ್ರಮಾಣದಲ್ಲಿ ಈ ಅನಿಲ ತಾನಾಗಿ ಕೆಡುಕು ಮಾಡುವುದಿಲ್ಲ, ಮನುಷ್ಯರ ಮೈಯಿಂದ, ಉಸಿರಿನಿಂದ ಹೊರಡುವ ಇತರ ವಸ್ತುಗಳೂ ಅದರ ಜೊತೆಯಲ್ಲೇ ಏರುತ್ತವೆ, ಅವನ್ನು ಅಳೆಯುವುದು ಕಷ್ಟ, ಇದನ್ನು ಅಳೆಯುವುದು ಸುಲಭ, ಆದ್ದರಿಂದ ಇದನ್ನು ಸೂಚಕವಾಗಿ ಹಿಡಿಯಬೇಕು. ಅವರು ಇಟ್ಟ ಗೆರೆ ಸಾವಿರಕ್ಕೆ ಒಂದು ಭಾಗ. ಇಂದಿನ ಅಳತೆಯಲ್ಲಿ ಅದು ದಶಲಕ್ಷಕ್ಕೆ 1,000 ಭಾಗ, ಅಂದರೆ 1,000 ಪಿಪಿಎಂ. ಇಂದು ಗೋಡೆಗೆ ನೇತುಹಾಕುವ ಮಾಪಕಗಳಲ್ಲಿ ಹಸಿರು ಬಣ್ಣ ಹಳದಿಗೆ ತಿರುಗುವುದು ಸಾಮಾನ್ಯವಾಗಿ ಈ ಅಂಕಿಯ ಆಸುಪಾಸಿನಲ್ಲೇ.

ಸೂಚಕ ಕೆಲಸ ಮಾಡುವ ಬಗೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಕುಳಿತು ಕೆಲಸ ಮಾಡುವ ವಯಸ್ಕ ವ್ಯಕ್ತಿ ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾನೆ. ಅವನಿಗೆ ಸೆಕೆಂಡಿಗೆ 10 ಲೀಟರ್, ಎಂದರೆ ಗಂಟೆಗೆ 36,000 ಲೀಟರ್ ಹೊಸ ಗಾಳಿ ಸಿಗುತ್ತಿದ್ದರೆ ಆ 18 ಲೀಟರ್ ಅದರಲ್ಲಿ ಕರಗಿ 500 ಪಿಪಿಎಂ ಏರಿಕೆಯಾಗುತ್ತದೆ. ಹೊರಗಿನ ಗಾಳಿಯಲ್ಲಿ ಈಗ ಸುಮಾರು 420 ಇರುವುದರಿಂದ ಕೋಣೆಯ ಮಟ್ಟ 920ರ ಹತ್ತಿರ ನಿಲ್ಲುತ್ತದೆ. ಹೊಸ ಗಾಳಿಯನ್ನು 2.5 ಲೀಟರಿಗೆ ಇಳಿಸಿದರೆ ಏರಿಕೆ 2,000; ಕೋಣೆಯ ಮಟ್ಟ 2,400 ದಾಟುತ್ತದೆ. ಈ ಎರಡು ಅಂಕಿಗಳನ್ನು, 10 ಮತ್ತು 2.5, ನೆನಪಿನಲ್ಲಿಟ್ಟರೆ ಮುಂದಿನ ಕತೆ ಸ್ಪಷ್ಟವಾಗುತ್ತದೆ.

ಅಮೆರಿಕದಲ್ಲಿ ಸೇನಾ ವೈದ್ಯರಾಗಿದ್ದ ಜಾನ್ ಶಾ ಬಿಲಿಂಗ್ಸ್ ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೋಗ ಹರಡುವಿಕೆಯನ್ನು, ಅದರಲ್ಲೂ ಕ್ಷಯವನ್ನು, ಮನಸ್ಸಿನಲ್ಲಿಟ್ಟು ಒಬ್ಬೊಬ್ಬರಿಗೆ ನಿಮಿಷಕ್ಕೆ ಕನಿಷ್ಠ 30 ಘನ ಅಡಿ, ಎಂದರೆ ಸೆಕೆಂಡಿಗೆ ಸುಮಾರು 14 ಲೀಟರ್ ಬೇಕೆಂದರು. ಅದು ಹಲವು ರಾಜ್ಯಗಳ ಶಾಲಾ ಕಟ್ಟಡದ ಕಾನೂನಾಯಿತು. 1936ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಯಾಗ್ಲೂ ಮತ್ತು ಸಂಗಡಿಗರು ಪ್ರಶ್ನೆಯನ್ನೇ ಬದಲಿಸಿದರು. ಹೊರಗಿನ ಶುದ್ಧ ಗಾಳಿಯಿಂದ ಆಗಷ್ಟೇ ಒಳಬಂದವನಿಗೆ ಕೋಣೆಯ ಮೈವಾಸನೆ ಸಹ್ಯವೆನ್ನಿಸಲು ಎಷ್ಟು ಗಾಳಿ ಬೇಕು ಎಂದು ಅವರು ಅಳೆದರು. ಸಾಧಾರಣ ದಟ್ಟಣೆಯ ಕೋಣೆಗೆ ಉತ್ತರ ಸುಮಾರು 7ರಿಂದ 8 ಲೀಟರ್. ರೋಗದ ಪ್ರಶ್ನೆ ಹಿಂದೆ ಸರಿದು ವಾಸನೆಯ ಪ್ರಶ್ನೆ ಮುಂದೆ ಬಂದದ್ದು ಹೀಗೆ. ಅದಕ್ಕೆ ತೆರಬೇಕಾದ ಬೆಲೆ ಬಹಳ ತಡವಾಗಿ ಗೊತ್ತಾಯಿತು.

1973ರ ತೈಲ ಬಿಕ್ಕಟ್ಟು ಶೀತದೇಶಗಳ ಕಟ್ಟಡಗಳನ್ನು ತಟ್ಟಿತು. ಹೊರಗಿನ ಚಳಿಗಾಳಿಯನ್ನು ಒಳತಂದು ಬಿಸಿ ಮಾಡುವುದು ದುಬಾರಿ. ಆದ್ದರಿಂದ ಬಿರುಕುಗಳನ್ನು ಮುಚ್ಚಿದರು, ತೆರೆಯಲಾಗದ ಗಾಜಿನ ಕಿಟಕಿ ಕೂಡಿಸಿದರು, ಒಳಬರುವ ಗಾಳಿಯನ್ನು ಕಡಿತಗೊಳಿಸಿದರು. ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘ ಆಶ್ರೇ 1981ರಲ್ಲಿ ಹೊರಡಿಸಿದ ಮಾನಕದಲ್ಲಿ ಧೂಮಪಾನವಿಲ್ಲದ ಕಚೇರಿಗೆ ಕನಿಷ್ಠ ಪ್ರಮಾಣ ಒಬ್ಬರಿಗೆ 2.5 ಲೀಟರಿಗೆ ಇಳಿಯಿತು. ಅದೇ ವರ್ಷಗಳಲ್ಲಿ ಪ್ಲೈವುಡ್, ಕಾರ್ಪೆಟ್, ಅಂಟು, ಪೇಂಟ್, ಪ್ಲಾಸ್ಟಿಕ್ ಪೀಠೋಪಕರಣಗಳು ಕಚೇರಿಗಳನ್ನು ತುಂಬುತ್ತಿದ್ದವು. ಫಾರ್ಮಾಲ್ಡಿಹೈಡಿನಂಥ ಅನಿಲಗಳು ಅವುಗಳಿಂದ ನಿಧಾನವಾಗಿ ಹೊರಸೂಸುತ್ತಿದ್ದವು. ಕಟ್ಟಡದೊಳಗಿದ್ದಾಗ ತಲೆನೋವು, ಕಣ್ಣುರಿ, ಗಂಟಲು ಕೆರೆತ, ಬಳಲಿಕೆ. ಮನೆಗೆ ಹೋದರೆ ಮಾಯ. ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದ ಆರಂಭದಲ್ಲಿ ಇದನ್ನು ರುಗ್ಣ ಕಟ್ಟಡ ಲಕ್ಷಣಕೂಟವೆಂದು ಗುರುತಿಸಿತು. 1989ರಲ್ಲಿ ಆಶ್ರೇ ತನ್ನ ಅಂಕಿಯನ್ನು ಮೇಲೆತ್ತಿತು: ಕನಿಷ್ಠ 7.5 ಲೀಟರ್, ಕಚೇರಿಗಳಿಗೆ 10. ಎಂಟು ವರ್ಷಗಳಲ್ಲಿ ನಾಲ್ಕು ಪಟ್ಟು.

ಡೆನ್ಮಾರ್ಕಿನ ಓಲೆ ಫಾಂಗರ್ ಈ ಹಂತದಲ್ಲಿ ಮಾಡಿದ ಕೆಲಸವನ್ನು ಸ್ವಲ್ಪ ನಿಂತು ನೋಡಬೇಕು. ಒಬ್ಬ ಸಾಮಾನ್ಯ ಮನುಷ್ಯ ಗಾಳಿಯನ್ನು ಎಷ್ಟು ಕೆಡಿಸುತ್ತಾನೋ ಅದನ್ನು ಒಂದು ಮೂಲಮಾನವಾಗಿ ಹಿಡಿದು ಅದಕ್ಕೆ ಓಲ್ಫ್ ಎಂದು 1988ರಲ್ಲಿ ಹೆಸರಿಟ್ಟರು. ಬಳಿಕ ಕೋಪನ್‌ಹೇಗನ್ನಿನ ಕಚೇರಿಗಳಿಗೆ ತೀರ್ಪುಗಾರರನ್ನು ಕಳಿಸಿ, ಜನರಿರುವಾಗ ಮತ್ತು ಜನರಿಲ್ಲದಾಗ ಗಾಳಿಯನ್ನು ಮೂಸಿಸಿ ಅಳೆಸಿದರು. ಒಬ್ಬೊಬ್ಬ ನೌಕರನ ಒಂದು ಓಲ್ಫಿಗೆ ಪ್ರತಿಯಾಗಿ ಮತ್ತೆ ಆರೇಳು ಓಲ್ಫ್‌ಗಳು ಬೇರೆ ಕಡೆಯಿಂದ ಬರುತ್ತಿದ್ದವು: ಒಳಗಿನ ಸಾಮಗ್ರಿಗಳಿಂದ ಒಂದೆರಡು, ಸಿಗರೇಟಿನಿಂದ ಎರಡು, ಗಾಳಿಯನ್ನು ಶುದ್ಧ ಮಾಡಲೆಂದೇ ಕೂಡಿಸಿದ ಯಂತ್ರ ಮತ್ತು ಕೊಳವೆಗಳಿಂದ ಮೂರು. ಕೊಳಕಾದ ಫಿಲ್ಟರಿನ ಮೂಲಕ ಹಾಯ್ದ ತಾಜಾ ಗಾಳಿ ತಾಜಾ ಆಗಿ ಉಳಿದಿರಲಿಲ್ಲ. ಇಲ್ಲಿಂದ ಹೊರಟ ಪಾಠ ಸಂಶೋಧನೆಯ ದಿಕ್ಕನ್ನು ತಿರುಗಿಸಿತು. ಹೆಚ್ಚು ಗಾಳಿ ತಳ್ಳುವುದಕ್ಕೆ ಮೊದಲು ಗಾಳಿಯನ್ನು ಕೆಡಿಸುವ ಮೂಲವನ್ನು ಕಡಿಮೆ ಮಾಡಬೇಕು. ಅದಕ್ಕೆ ವಿದ್ಯುತ್ತಿನ ಖರ್ಚೇ ಇಲ್ಲ.

ಎರಡನೆಯ ವಿಷಯ, ಹೊಸ ಗಾಳಿ ಸಾಲದಿದ್ದಾಗ ಆಗುವುದೇನು ಎಂಬುದು. 2020ರ ಜನವರಿ 24, ಚೀನೀ ಹೊಸ ವರ್ಷದ ಹಿಂದಿನ ದಿನ. ಗ್ವಾಂಗ್‌ಝೌ ನಗರದ ಒಂದು ರೆಸ್ಟೊರೆಂಟಿನಲ್ಲಿ ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಮೂರು ಕುಟುಂಬಗಳು ಊಟಕ್ಕೆ ಕುಳಿತಿದ್ದವು. ಒಬ್ಬರಲ್ಲಿ ಕೊರೊನಾ ಸೋಂಕಿತ್ತು. ಆ ಮೂರು ಕುಟುಂಬಗಳಲ್ಲಿ ಕೊನೆಗೆ ಸೋಂಕಿತರಾದವರು ಒಟ್ಟು ಹತ್ತು ಜನ. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಲಿ ಯುಗುವೋ ಮತ್ತು ಸಂಗಡಿಗರು ಆ ಸ್ಥಳದ ಗಾಳಿಯನ್ನು ಬಳಿಕ ಅಳೆದಾಗ ಒಬ್ಬರಿಗೆ ದೊರೆಯುತ್ತಿದ್ದ ಹೊಸ ಗಾಳಿ ಸೆಕೆಂಡಿಗೆ 0.75ರಿಂದ 1.04 ಲೀಟರ್ ಮಾತ್ರ ಎಂದು ತಿಳಿಯಿತು. ಏಸಿ ಚೆನ್ನಾಗಿಯೇ ಓಡುತ್ತಿತ್ತು. ಆ ಮೂರು ಮೇಜುಗಳ ಮೇಲೆ ಅದೇ ಗಾಳಿಯನ್ನು ಸುತ್ತಿಸಿ ಸುತ್ತಿಸಿ ತಂಪು ಮಾಡುತ್ತಿತ್ತು. ತಂಪು, ಬೀಸು ಎರಡೂ ಇದ್ದವು, ಬದಲಾವಣೆ ಇರಲಿಲ್ಲ.

ಇದಕ್ಕೆ ಎದುರಾದ ಉದಾಹರಣೆ ಪೆರು ದೇಶದ ಲಿಮಾ ನಗರದ್ದು. 2007ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಅಲ್ಲಿನ ಎಂಟು ಆಸ್ಪತ್ರೆಗಳ ಕೊಠಡಿಗಳಲ್ಲಿ ಗಾಳಿ ಎಷ್ಟು ಬೇಗ ಬದಲಾಗುತ್ತದೆಂದು ಅಳೆದರು. ಕಿಟಕಿ ಬಾಗಿಲು ತೆರೆದಾಗ ಗಂಟೆಗೆ ಸುಮಾರು 28 ಬಾರಿ. ಕ್ಷಯರೋಗಿಗಳಿಗೆಂದು ಯಂತ್ರ ಕೂಡಿಸಿದ ವಿಶೇಷ ಕೊಠಡಿಗಳಲ್ಲಿ 12 ಬಾರಿ. ತೆರೆದ ಕಿಟಕಿಗಳ ನಡುವೆಯೂ ಅಂತರವಿತ್ತು: ಎತ್ತರದ ಚಾವಣಿ, ದೊಡ್ಡ ಕಿಟಕಿಗಳಿದ್ದ ಐವತ್ತು ವರ್ಷಕ್ಕೂ ಹಳೆಯ ಕಟ್ಟಡಗಳಲ್ಲಿ 40 ಬಾರಿ, ಹೊಸ ಕಟ್ಟಡಗಳಲ್ಲಿ 17. ಆ ಹಳೆಯ ಆಸ್ಪತ್ರೆಗಳನ್ನು ಕಟ್ಟಿದವರಿಗೆ ಬಿಲಿಂಗ್ಸ್ ಕಾಲದ ತಿಳಿವಳಿಕೆಯಿತ್ತು. ಅವರು ಗಾಳಿಯನ್ನು ಔಷಧದಂತೆ ಲೆಕ್ಕ ಹಾಕಿದ್ದರು.

ಕೆಟ್ಟ ಗಾಳಿಯಲ್ಲಿ ಬುದ್ಧಿ ಮಂಕಾಗುತ್ತದೆಯೇ? ಈ ಪ್ರಶ್ನೆಗೆ ಬಂದ ಉತ್ತರಗಳನ್ನು ಎಚ್ಚರದಿಂದ ಓದಬೇಕು. ಹಾರ್ವರ್ಡಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಸಿರಕ್ಯೂಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ 24 ನೌಕರರನ್ನು ಆರು ದಿನ ಕೂರಿಸಿ, ಅವರಿಗೆ ತಿಳಿಯದಂತೆ ಗಾಳಿಯನ್ನು ಬದಲಿಸಿದರು. ಸಾಧಾರಣ ಕಚೇರಿಯ ಗಾಳಿಗೆ ಹೋಲಿಸಿದರೆ ಅತಿ ಶುದ್ಧ ಗಾಳಿಯ ದಿನಗಳಲ್ಲಿ ನಿರ್ಧಾರಶಕ್ತಿಯ ಅಂಕಗಳು ದುಪ್ಪಟ್ಟಾದವು. ಆದರೆ ಡೆನ್ಮಾರ್ಕಿನಲ್ಲಿ ವಾರ್ಗೋಕಿ ಮತ್ತಿತರರು ಶುದ್ಧ ಇಂಗಾಲದ ಡೈಆಕ್ಸೈಡನ್ನೇ ಬೆರೆಸಿ 3,000 ಪಿಪಿಎಂಗೆ ಏರಿಸಿದಾಗ ಅಂಥ ಇಳಿಕೆ ಕಾಣಲಿಲ್ಲ. ಮನುಷ್ಯರ ಮೈ ಉಸಿರುಗಳಿಂದಲೇ ಅದೇ ಮಟ್ಟ ಮುಟ್ಟಿದಾಗ ತಲೆನೋವು, ಆಯಾಸ ಹೆಚ್ಚಿ ಕೆಲಸ ಕುಂಠಿತವಾಯಿತು. ಮ್ಯೂನಿಕ್ಕಿನ ಪೆಟೆನ್‌ಕೋಫರ್ ಅನಿಲವನ್ನು ಅಪರಾಧಿಯೆನ್ನದೆ ಸಾಕ್ಷಿಯೆಂದು ಕರೆದದ್ದಕ್ಕೆ ಇದು ಬಲ ಕೊಡುತ್ತದೆ. ಆ 24 ಜನರ ಫಲಿತಾಂಶವನ್ನು ಜಾಹೀರಾತಿನ ಅಂಕಿಯಂತೆ ಬಳಸುವುದು ಸಲ್ಲದು. ಹಾಗೆಂದು ಕೆಟ್ಟ ಗಾಳಿಯಲ್ಲಿ ಮಕ್ಕಳನ್ನು ಕೂರಿಸಲು ಈ ಎಚ್ಚರ ನೆಪವೂ ಆಗದು.

ಈಗ ಮೂರನೆಯ ವಿಷಯಕ್ಕೆ, ವಿದ್ಯುತ್ತಿನ ಲೆಕ್ಕಕ್ಕೆ ಬರಬೇಕು. ಮಂಗಳೂರಿನ ಮೇ ತಿಂಗಳ ಒಂದು ಮಧ್ಯಾಹ್ನವನ್ನು ಊಹಿಸಿಕೊಳ್ಳಬಹುದು: ಹೊರಗೆ 33 ಡಿಗ್ರಿ, ತೇವಾಂಶ ಶೇ. 65, ಒಳಗೆ 25 ಡಿಗ್ರಿ, ಶೇ. 55 ಇರಬೇಕು. ಒಬ್ಬನಿಗೆ ಬೇಕಾದ 10 ಲೀಟರ್ ಗಾಳಿಯನ್ನು ಹೊರಗಿನ ಸ್ಥಿತಿಯಿಂದ ಒಳಗಿನ ಸ್ಥಿತಿಗೆ ತರಲು ಸುಮಾರು 380 ವ್ಯಾಟ್ ಶಾಖವನ್ನು ತೆಗೆಯಬೇಕಾಗುತ್ತದೆ. ಗಮನಿಸಬೇಕಾದ ಅಂಶವೆಂದರೆ ಅದರಲ್ಲಿ ಗಾಳಿಯನ್ನು ತಣಿಸಲು ಹೋಗುವುದು ಕಾಲುಭಾಗ. ಮುಕ್ಕಾಲು ಭಾಗ ಗಾಳಿಯಲ್ಲಿನ ನೀರಾವಿಯನ್ನು ಹಿಂಡಿ ತೆಗೆಯಲು. ಕರಾವಳಿಯ ಸೆಖೆ ಎಂದರೆ ಯಂತ್ರದ ಭಾಷೆಯಲ್ಲಿ ಇದೇ. 200 ಜನರ ಸಭಾಂಗಣಕ್ಕೆ ಇದು 76 ಕಿಲೋವ್ಯಾಟ್, ಸುಮಾರು 22 ಟನ್ ಏಸಿ, ಹೊಸ ಗಾಳಿಗಾಗಿಯೇ. ಕಟ್ಟಡ ನಡೆಸುವವರು ಮೊದಲು ಕತ್ತರಿ ಹಾಕುವುದು ಈ ಗಾಳಿಗೆ ಎಂಬುದರಲ್ಲಿ ಆಶ್ಚರ್ಯವಿಲ್ಲ.

ಕತ್ತರಿ ಹಾಕದೆ ಖರ್ಚು ಇಳಿಸುವ ದಾರಿಗಳು ಹಲವು. ಮೊದಲನೆಯದು, ಇರುವ ಜನಕ್ಕೆ ತಕ್ಕಷ್ಟೇ ಗಾಳಿ ಕೊಡುವುದು. 200 ಆಸನದ ಸಭಾಂಗಣದಲ್ಲಿ ಬಹುತೇಕ ಹೊತ್ತು 200 ಜನ ಇರುವುದಿಲ್ಲ. ಇಂಗಾಲದ ಡೈಆಕ್ಸೈಡು 4.26 ಮೈಕ್ರೋಮೀಟರ್ ತರಂಗಾಂತರದ ಅವಗೆಂಪು ಕಿರಣವನ್ನು ಹೀರುತ್ತದೆ. ಆ ಗುಣವನ್ನು ಬಳಸುವ ಸಣ್ಣ ಮಾಪಕ ಜನ ಎಷ್ಟಿದ್ದಾರೆಂಬುದನ್ನು ಪರೋಕ್ಷವಾಗಿ ಎಣಿಸಿ, ಅದಕ್ಕೆ ತಕ್ಕಂತೆ ಫ್ಯಾನಿನ ವೇಗವನ್ನು ಏರಿಳಿಸುತ್ತದೆ. ಇಲ್ಲಿ ಭೌತಶಾಸ್ತ್ರ ಕೈಹಿಡಿಯುತ್ತದೆ. ಅದೇ ಕೊಳವೆಯಲ್ಲಿ ಗಾಳಿಯ ಹರಿವನ್ನು ಅರ್ಧಕ್ಕಿಳಿಸಿದರೆ ಫ್ಯಾನಿಗೆ ಬೇಕಾದ ಶಕ್ತಿ ಅರ್ಧವಾಗುವುದಿಲ್ಲ, ತತ್ತ್ವತಃ ಎಂಟನೆಯ ಒಂದಕ್ಕೆ ಇಳಿಯುತ್ತದೆ. ಎರಡನೆಯ ದಾರಿ, ಹೊರಹೋಗುವ ತಂಪು ಒಣಗಾಳಿ ಮತ್ತು ಒಳಬರುವ ಬಿಸಿ ತೇವಗಾಳಿ ಇವೆರಡನ್ನು ಬೆರೆಸದೆ ಒಂದು ತಿರುಗುಚಕ್ರದ ಅಥವಾ ತೆಳುಪೊರೆಯ ಮೂಲಕ ಎದುರುಬದುರು ಹಾಯಿಸುವುದು. ಶಾಖವೂ ನೀರಾವಿಯೂ ಒಳಬರುವ ಗಾಳಿಯಿಂದ ಹೊರಹೋಗುವ ಗಾಳಿಗೆ ದಾಟುತ್ತವೆ. ಶೇ. 70ರಷ್ಟು ಹೀಗೆ ದಾಟಿದರೆ ಮಂಗಳೂರಿನ ಆ 380 ವ್ಯಾಟ್ 115ರ ಆಸುಪಾಸಿಗೆ ಬರುತ್ತದೆ. ಶೀತದೇಶಗಳಿಗೆಂದು ಬೆಳೆದ ಈ ಸಾಧನ ತೇವಗಾಳಿಯ ಕರಾವಳಿಯಲ್ಲೂ ಅಷ್ಟೇ ಪ್ರಯೋಜನಕಾರಿ. ಬೆಂಗಳೂರಿನ ಹವೆಯಲ್ಲಿ, ವರ್ಷದ ಹೆಚ್ಚು ಹೊತ್ತು ಹೊರಗಾಳಿಯೇ ಹಿತವಾಗಿರುವಾಗ, ಅದು ಅಷ್ಟಾಗಿ ಬೇಕಾಗದು.

ಮೂರನೆಯ ದಾರಿ ಆರಂಭದಲ್ಲಿ ಹೇಳಿದ ವಿಂಗಡಣೆಯನ್ನೇ ಯಂತ್ರಗಳಿಗೂ ಅನ್ವಯಿಸುವುದು: ತಣಿಸುವ ಕೆಲಸವನ್ನು ಗಾಳಿ ಬದಲಿಸುವ ಕೆಲಸದಿಂದ ಬೇರ್ಪಡಿಸುವುದು. ಸಾಮಾನ್ಯ ಕೇಂದ್ರೀಯ ಏಸಿಯಲ್ಲಿ ಶಾಖವನ್ನು ಹೊತ್ತೊಯ್ಯಲು ಉಸಿರಾಟಕ್ಕೆ ಬೇಕಾದ್ದಕ್ಕಿಂತ ಹಲವು ಪಟ್ಟು ಗಾಳಿಯನ್ನು ದೊಡ್ಡ ಕೊಳವೆಗಳಲ್ಲಿ ಸುತ್ತಿಸುತ್ತಾರೆ. ಅಷ್ಟೇ ಗಾತ್ರದ ನೀರು ಗಾಳಿಗಿಂತ ಸುಮಾರು 3,500 ಪಟ್ಟು ಶಾಖವನ್ನು ಹೊರಬಲ್ಲದು. ಬೆಂಗಳೂರು ಮೂಲದ ಇನ್ಫೋಸಿಸ್ 2011ರಲ್ಲಿ ಹೈದರಾಬಾದಿನ ತನ್ನ ಒಂದು ಕಟ್ಟಡವನ್ನು ಎರಡು ಸಮಭಾಗ ಮಾಡಿ, ಒಂದರಲ್ಲಿ ಉತ್ತಮ ದರ್ಜೆಯ ಸಾಂಪ್ರದಾಯಿಕ ಏಸಿ, ಇನ್ನೊಂದರಲ್ಲಿ ಕಾಂಕ್ರೀಟ್ ಹಲಗೆಯೊಳಗಿನ ಕೊಳವೆಗಳಲ್ಲಿ ತಂಪು ನೀರು ಹರಿಸುವ ವ್ಯವಸ್ಥೆ ಇಟ್ಟಿತು. ನೀರಿನ ಕಡೆಯಲ್ಲಿ ಹೊಸ ಗಾಳಿಗೆ ಪ್ರತ್ಯೇಕ ಸಣ್ಣ ಯಂತ್ರ. ಅದರ ಕೆಲಸ ಗಾಳಿಯನ್ನು ಬದಲಿಸುವುದು, ಒಣಗಿಸುವುದು, ಅಷ್ಟೇ. ತಣಿಸಲು ಬಳಸಿದ ವಿದ್ಯುತ್ತು ಸುಮಾರು ಮೂರನೆಯ ಒಂದು ಭಾಗ ಕಡಿಮೆಯಾಯಿತು. ಒಂದೇ ಸೂರಿನಡಿ, ಒಂದೇ ಬಗೆಯ ಕೆಲಸದವರ ನಡುವೆ ನಡೆದ ಹೋಲಿಕೆಯಾದ್ದರಿಂದ ಈ ಪ್ರಯೋಗಕ್ಕೆ ಹೆಚ್ಚಿನ ಬೆಲೆಯಿದೆ.

ನಾಲ್ಕನೆಯ ವಿಷಯ ಭಾರತದ್ದು. ಇಲ್ಲಿನ ಸಂಶೋಧನೆ ಶೀತದೇಶಗಳ ನಕಲಾಗಿ ಉಳಿಯಲಿಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯ ಎಂ. ಆರ್. ಶರ್ಮ ಮತ್ತು ಶರಾಫತ್ ಅಲಿ 1986ರಲ್ಲಿ ಪ್ರಕಟಿಸಿದ ಉಷ್ಣವಲಯದ ಬೇಸಿಗೆ ಸೂಚ್ಯಂಕವು ಶಾಖ, ತೇವ, ಬೀಸುಗಾಳಿ ಮೂರನ್ನೂ ಒಂದು ಸರಳ ಸೂತ್ರದಲ್ಲಿ ಕೂಡಿಸಿತು. ಅದರ ಪ್ರಕಾರ ಮೈಮೇಲೆ ಸೆಕೆಂಡಿಗೆ ಒಂದು ಮೀಟರ್ ವೇಗದ ಗಾಳಿ ಬೀಸಿದರೆ ಎರಡು ಡಿಗ್ರಿ ತಂಪಾದಂತೆ ಅನ್ನಿಸುತ್ತದೆ. ವೇಗದ ವರ್ಗಮೂಲದ ಲೆಕ್ಕವಾದ್ದರಿಂದ ಕಾಲು ಮೀಟರ್ ವೇಗದ ಮೆಲುಗಾಳಿಯೂ ಒಂದು ಡಿಗ್ರಿಯ ಹಿತ ಕೊಡುತ್ತದೆ. ಮೂರು ಡಿಗ್ರಿಗೆ ಮಾತ್ರ ಎರಡೂಕಾಲು ಮೀಟರ್ ವೇಗ ಬೇಕು, ಅಷ್ಟರಲ್ಲಿ ಮೇಜಿನ ಮೇಲಿನ ಕಾಗದ ಹಾರುತ್ತದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಬಳಿಕ ಅಹಮದಾಬಾದ್, ಬೆಂಗಳೂರು, ಚೆನ್ನೈ, ದೆಹಲಿ, ಶಿಮ್ಲಾಗಳ 16 ಕಚೇರಿ ಕಟ್ಟಡಗಳಲ್ಲಿ ಕೆಲಸ ಮಾಡುವವರನ್ನೇ ಕೇಳಿ 6,330 ಉತ್ತರಗಳನ್ನು ಕಲೆಹಾಕಿದರು. ಕಿಟಕಿ ತೆರೆಯುವ ಕಟ್ಟಡದಲ್ಲಿರುವವರಿಗೆ, ಹೊರಗಿನ ಹಿಂದಿನ ತಿಂಗಳ ಸರಾಸರಿ 30 ಡಿಗ್ರಿ ಇದ್ದಾಗ, ಒಳಗೆ 29 ಡಿಗ್ರಿಯೂ ಹಿತವಾಗಿರುತ್ತದೆಂದು ಅವರ ಸೂತ್ರ ಹೇಳುತ್ತದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಈ ಮಾದರಿಗೆ ಸ್ಥಾನ ಸಿಕ್ಕಿತು. ನೌಕರರು ಸ್ವೆಟರ್ ಹಾಕಿಕೊಂಡು ಕೂರುವ 21 ಡಿಗ್ರಿಯ ಕಚೇರಿಗೆ ದೇಹಶಾಸ್ತ್ರದ ಸಮರ್ಥನೆ ಇಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ. 2020ರ ಜನವರಿಯಿಂದ ಹೊಸ ಕೋಣೆ ಏಸಿಗಳು ಮೊದಲಿಗೆ 24 ಡಿಗ್ರಿಯಲ್ಲೇ ಚಾಲೂ ಆಗಬೇಕೆಂಬ ನಿಯಮವನ್ನೂ ಕೇಂದ್ರ ಸರ್ಕಾರ ತಂದಿದೆ.

ಆದರೆ ಮನೆಗಳಲ್ಲಿ ನಡೆಯುತ್ತಿರುವ ಬದಲಾವಣೆ ಬೇರೆಯದು. ಗೋಡೆಗೆ ಕೂಡಿಸುವ ಸ್ಪ್ಲಿಟ್ ಏಸಿಯ ಒಳಘಟಕ ಕೋಣೆಯ ಗಾಳಿಯನ್ನೇ ಎಳೆದು ತಣಿಸಿ ಮತ್ತೆ ಕೋಣೆಗೇ ಬಿಡುತ್ತದೆ. ಹೊರಗಿನ ಘಟಕಕ್ಕೆ ಹೋಗುವ ಕೊಳವೆಯಲ್ಲಿ ಇರುವುದು ಶೀತಕ ದ್ರವ, ಗಾಳಿಯಲ್ಲ. 30 ಘನ ಮೀಟರಿನ ಮಲಗುವ ಕೋಣೆಯಲ್ಲಿ ಇಬ್ಬರು ಮಲಗಿ, ಬಾಗಿಲ ಸಂದಿಗಳಿಂದ ನಾಲ್ಕು ಗಂಟೆಗೊಮ್ಮೆ ಮಾತ್ರ ಗಾಳಿ ಬದಲಾಗುತ್ತದೆಂದು ಹಿಡಿದರೆ, ಬೆಳಗಿನ ಹೊತ್ತಿಗೆ ಇಂಗಾಲದ ಡೈಆಕ್ಸೈಡು 3,000 ಪಿಪಿಎಂ ದಾಟಿರುತ್ತದೆ. ಅದೇ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿದ್ದರೆ ಪರಿಸ್ಥಿತಿ ಇನ್ನೂ ಗಂಭೀರ. 2003ರ ಒಂದು ಅಧ್ಯಯನದಲ್ಲಿ ಪರೀಕ್ಷಿಸಿದ ಸುರುಳಿಗಳು ತಲಾ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮಕಣಗಳನ್ನು ಹೊರಬಿಟ್ಟಿದ್ದವು. ಏಸಿಯನ್ನು 27 ಡಿಗ್ರಿಗೆ ಏರಿಸಿ, ಫ್ಯಾನ್ ಹಾಕಿ, ಸೊಳ್ಳೆ ಜಾಲರಿ ಇರುವ ಕಿಟಕಿಯ ಒಂದು ಬಾಗಿಲನ್ನು ತುಸು ತೆರೆದಿಡುವುದು ಇದಕ್ಕೆ ಎಟಕುವ ಪರಿಹಾರ; ಮೂರು ಕೆಲಸಗಳಿಗೂ ಪಾಲು ಸಿಗುತ್ತದೆ.

ಯಂತ್ರವಿಲ್ಲದ ವಾತಾಯನ ನಡೆಯುವುದು ಎರಡು ಬಲಗಳಿಂದ. ಹತ್ತು ಮೀಟರ್ ಎತ್ತರದ ಕಟ್ಟಡದೊಳಗಿನ ಗಾಳಿ ಹೊರಗಿಗಿಂತ ಐದು ಡಿಗ್ರಿ ಬಿಸಿಯಿದ್ದರೆ ಅದು ಮೇಲೇರುವ ಒತ್ತಡ ಸುಮಾರು 2 ಪಾಸ್ಕಲ್. ಸೆಕೆಂಡಿಗೆ 3 ಮೀಟರಿನ ತಂಗಾಳಿ ಗೋಡೆಯ ಮೇಲೆ ಹಾಕುವ ಒತ್ತಡ ಸುಮಾರು 5 ಪಾಸ್ಕಲ್. ಯಂತ್ರದ ಫ್ಯಾನುಗಳು ಕೊಳವೆಗಳಲ್ಲಿ ನೂರಾರು ಪಾಸ್ಕಲ್ ಒತ್ತಡದಲ್ಲಿ ದುಡಿಯುತ್ತವೆ. ಪ್ರಕೃತಿಯ ಬಲ ಇಷ್ಟು ಮೃದುವಾದ್ದರಿಂದ ಅದಕ್ಕೆ ಅಗಲವಾದ, ಅಡ್ಡಿಯಿಲ್ಲದ ದಾರಿ ಬೇಕು. ತೊಟ್ಟಿಮನೆಯ ಮೇಲೆ ತೆರೆದ ತೊಟ್ಟಿ, ಹೆಂಚಿನ ಮಾಡಿನ ಸಂದುಗಳು, ಬಾಗಿಲ ಮೇಲಿನ ಗವಾಕ್ಷಿ ಈ ದಾರಿಗಳೇ. ಎದುರುಬದುರು ಗೋಡೆಗಳಲ್ಲಿ ಕಿಟಕಿ ಇದ್ದರೆ ಗಾಳಿ ಹಾಯುತ್ತದೆ, ಒಂದೇ ಗೋಡೆಯಲ್ಲಿದ್ದರೆ ಇಣುಕಿ ಮರಳುತ್ತದೆ. 2018ರ ಇಕೋ ನಿವಾಸ್ ಸಂಹಿತೆ ವಸತಿ ಕಟ್ಟಡಗಳಿಗೆ ತೆರೆಯಬಹುದಾದ ಕಿಟಕಿಯ ಕನಿಷ್ಠ ವಿಸ್ತೀರ್ಣವನ್ನು ನೆಲದ ಪಾಲಾಗಿ ನಿಗದಿಪಡಿಸಿದೆ: ಬೆಂಗಳೂರಿನಂಥ ಸಮಶೀತೋಷ್ಣ ಹವೆಗೆ ಶೇ. 12.5, ಮಂಗಳೂರಿನಂಥ ಬಿಸಿ-ತೇವದ ಹವೆಗೆ ಶೇ. 16.66. ಎರಡು ಬಾಗಿಲುಗಳು ಜಾರುವ ಅಲ್ಯೂಮಿನಿಯಂ ಕಿಟಕಿಯಲ್ಲಿ ತೆರೆಯುವುದು ಅರ್ಧ ಮಾತ್ರ ಎಂಬುದನ್ನು ಮನೆ ಕಟ್ಟುವವರು ಈ ಲೆಕ್ಕದಲ್ಲಿ ಹಿಡಿಯಬೇಕು.

ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಟೆರಿ ಎಂಬ ಸಂಶೋಧನಾ ಸಂಸ್ಥೆಯ ಕಟ್ಟಡ ಇದಕ್ಕೆ ಒಳ್ಳೆಯ ನಿದರ್ಶನ. ನಿವೇಶನದ ಪಕ್ಕದಲ್ಲಿ ಕೊಳಚೆ ಕಾಲುವೆ. ಗಾಳಿ ಬೀಸುವುದೂ ಅದರ ಮೇಲಿಂದಲೇ. ಕಿಟಕಿ ಇಟ್ಟರೆ ದುರ್ನಾತ, ಇಡದಿದ್ದರೆ ಧಗೆ. ವಾಸ್ತುಶಿಲ್ಪಿಗಳು ದಕ್ಷಿಣದ ಗೋಡೆಯನ್ನು ಕಿಟಕಿಯಿಲ್ಲದ ಜೋಡಿಗೋಡೆಯಾಗಿ ಮಾಡಿ ಹೊರಮೈಗೆ ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾದಂತೆ ನಡುವಿನ ಟೊಳ್ಳಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ. ಅದು ಬಿಟ್ಟ ಜಾಗಕ್ಕೆ ಕಟ್ಟಡದ ಒಳಗಿನ ಗಾಳಿ ಸರಿಯುತ್ತದೆ. ಅದರ ಹಿಂದೆ ಇನ್ನೊಂದು ಬದಿಯ ಉತ್ತರದ ಕಿಟಕಿಗಳಿಂದ ಹೊಸ ಗಾಳಿ ಬರುತ್ತದೆ. ಬಿಸಿಲು ಹೆಚ್ಚಿದಷ್ಟೂ ಎಳೆತ ಹೆಚ್ಚು.

ಹೊರಗಿನ ಗಾಳಿಯೇ ಕೆಟ್ಟಿದ್ದರೆ ಏನು ಮಾಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ಭಾರತದ ಮಾನಕದಂತೆ 2.5 ಮೈಕ್ರಾನಿಗಿಂತ ಸಣ್ಣ ಕಣಗಳು ದಿನದ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ಮಟ್ಟ 15. ದೆಹಲಿಯ ಚಳಿಗಾಲದಲ್ಲಿ, ನಗರಗಳ ವಾಹನ ದಟ್ಟಣೆಯ ರಸ್ತೆಗಳ ಅಂಚಿನಲ್ಲಿ, ಕಿಟಕಿ ತೆರೆಯುವುದು ಒಂದು ಕೊಳೆಯನ್ನು ಕೊಟ್ಟು ಇನ್ನೊಂದನ್ನು ಕೊಂಡಂತೆ. ಅಂಥಲ್ಲಿ ಹೊಸ ಗಾಳಿಯನ್ನು ಫಿಲ್ಟರಿನ ಮೂಲಕ ತರುವುದು ಅನಿವಾರ್ಯ. ಏರ್ ಪ್ಯೂರಿಫೈಯರ್ ಕಣಗಳನ್ನು ತೆಗೆಯುತ್ತದೆ, ಇಂಗಾಲದ ಡೈಆಕ್ಸೈಡನ್ನು ತೆಗೆಯುವುದಿಲ್ಲ. ಆದ್ದರಿಂದ ಅದನ್ನು ನಂಬಿ ಕೋಣೆಯನ್ನು ಪೂರ್ತಿ ಮುಚ್ಚುವಂತಿಲ್ಲ.

ಹೊಗೆ ಒಳಗೇ ಹುಟ್ಟುವ ಕಡೆ ಪರಿಹಾರದ ದಾರಿ ಬೇರೆ. ಸಂಶೋಧಕ ಕರ್ಕ್ ಸ್ಮಿತ್ ಮತ್ತು ಸಂಗಡಿಗರು 1981ರಲ್ಲಿ ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಮೇಲೆಯೇ ಮಾಪಕ ಕೂಡಿಸಿ ಕಣಗಳನ್ನು ಅಳೆದಾಗ ಘನ ಮೀಟರಿಗೆ ಹಲವು ಸಾವಿರ ಮೈಕ್ರೋಗ್ರಾಂ ಸಿಕ್ಕಿತು. ವಾಯುಮಾಲಿನ್ಯವೆಂದರೆ ನಗರದ ಚಿಮಣಿಗಳೆಂದು ತಿಳಿದಿದ್ದ ಕಾಲದಲ್ಲಿ ಅದು ಒಲೆಯ ಮುಂದಿನ ತಾಯಂದಿರ ಕಡೆಗೆ ಲೋಕದ ಕಣ್ಣು ತಿರುಗಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ಅಸ್ತ್ರ ಘಟಕ ಅದೇ ಹೊತ್ತಿಗೆ ರೂಪಿಸಿದ ಅಸ್ತ್ರ ಒಲೆ, ಕರ್ನಾಟಕದ ಹಳ್ಳಿಗಳಲ್ಲಿ ಹೊಗೆಯನ್ನು ಹುಟ್ಟಿದ ಜಾಗದಲ್ಲೇ ಹಿಡಿದು ಕೊಳವೆಯಲ್ಲಿ ಮಾಡಿನಾಚೆಗೆ ಸಾಗಿಸಿತು. ಮೂರು ಪಾತ್ರೆಗಳಿಗೆ ಒಂದೇ ಉರಿ ಒದಗಿಸಿ ಸೌದೆಯನ್ನೂ ಉಳಿಸಿತು. ಇಡೀ ಅಡುಗೆಮನೆಯ ಗಾಳಿಯನ್ನು ಬದಲಿಸುವುದಕ್ಕಿಂತ ಒಲೆಯ ಬಾಯಿಂದಲೇ ಹೊಗೆಯನ್ನು ಎಳೆಯುವುದಕ್ಕೆ ಬೇಕಾಗುವ ಗಾಳಿ ಬಹಳ ಕಡಿಮೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ಅನಿಲ ಒಲೆ ಹೊಗೆಯ ಮೂಲವನ್ನೇ ಬಹುಮಟ್ಟಿಗೆ ತೆಗೆಯಿತು. ಆದರೂ ಅನಿಲದ ಉರಿ ಸಾರಜನಕದ ಆಕ್ಸೈಡುಗಳನ್ನು ಬಿಡುತ್ತದೆ, ಒಗ್ಗರಣೆ ಕಣಗಳನ್ನು ಎಬ್ಬಿಸುತ್ತದೆ. ಅಡುಗೆಯ ಹೊತ್ತಿಗೆ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು.

ಕೊನೆಯದಾಗಿ ಅಳತೆಯ ಮಾತು. ನಕ್ಷೆಯಲ್ಲಿ ಬರೆದ ಗಾಳಿ ಕೋಣೆಗೆ ಬರುತ್ತಿದೆಯೇ ಎಂದು ಕಟ್ಟಡ ಮುಗಿದ ಮೇಲೆ ನೋಡುವವರು ವಿರಳ. ನೋಡುವುದಕ್ಕೆ ದೊಡ್ಡ ಪ್ರಯೋಗಾಲಯವೇನೂ ಬೇಕಿಲ್ಲ. ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ತರಗತಿಯಲ್ಲಿ 40 ಮಕ್ಕಳಿದ್ದಾರೆ ಎನ್ನೋಣ. ಒಂದೊಂದು ಮಗು ಗಂಟೆಗೆ 15 ಲೀಟರ್ ಇಂಗಾಲದ ಡೈಆಕ್ಸೈಡು ಬಿಡುತ್ತದೆಂದು ಹಿಡಿದರೆ, ಎಲ್ಲವನ್ನೂ ಮುಚ್ಚಿದ ಕೊಠಡಿಯಲ್ಲಿ 45 ನಿಮಿಷದ ಒಂದು ಪೀರಿಯಡ್ ಮುಗಿಯುವಷ್ಟರಲ್ಲಿ ಮಟ್ಟ 3,500 ತಲುಪುತ್ತದೆ. ಒಂದೇ ಬದಿಯ ಕಿಟಕಿ ತೆರೆದಿರುವ ದಿನ, ಬೆಲ್ ಬಾರಿಸಿ ಮಕ್ಕಳು ಹೊರಹೋದ ಕ್ಷಣದಲ್ಲಿ ಮಾಪಕ 1,620 ತೋರಿಸಿತೆನ್ನೋಣ. ಹೊರಗಿನ 420 ಕಳೆದರೆ ಹೆಚ್ಚುವರಿ 1,200. ಅದು ಶೇ. 37ಕ್ಕೆ, ಎಂದರೆ ಸುಮಾರು 440ಕ್ಕೆ ಇಳಿದು ಮಾಪಕ 860 ತೋರಿಸಲು ಹಿಡಿದ ಕಾಲವೇ ಕೊಠಡಿಯ ಗಾಳಿ ಒಮ್ಮೆ ಬದಲಾಗುವ ಕಾಲ. ಇಪ್ಪತ್ತು ನಿಮಿಷ ಹಿಡಿದರೆ ಗಂಟೆಗೆ ಮೂರು ಬದಲಾವಣೆ. ಮಗುವಿಗೆ ಸೆಕೆಂಡಿಗೆ 3 ಲೀಟರ್. ಎದುರು ಗೋಡೆಯ ಕಿಟಕಿಗಳನ್ನೂ ತೆರೆದು ಇನ್ನೊಂದು ದಿನ ಅದೇ ಅಳತೆ ಮಾಡಿದಾಗ ಆರು ನಿಮಿಷ ಹಿಡಿದರೆ ಗಂಟೆಗೆ ಹತ್ತು ಬದಲಾವಣೆ. ಮಗುವಿಗೆ ಸೆಕೆಂಡಿಗೆ 10 ಲೀಟರ್.